ನೆರೆಯವನ ಲೆಕ್ಕ

ಸ್ವೀಡನ್ನಿನ ಆಗ್ನೇಯ ಕರಾವಳಿಯಲ್ಲಿ ಕಾರ್ಲ್ಸ್‌ಕ್ರೂನಾ ಎಂಬ ಊರಿದೆ. 1680ರಲ್ಲಿ ನೌಕಾಪಡೆಗೆಂದೇ ಕಟ್ಟಿದ ಊರು ಅದು. 1998ರಿಂದ ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿಯಲ್ಲಿದೆ. ಅಲ್ಲಿನ ನೌಕಾಪಡೆಯ ಚರ್ಚು ಪೂರ್ತಿ ಮರದ್ದು. 1685ರಲ್ಲಿ ಪ್ರತಿಷ್ಠೆಯಾದ ಆ ಚರ್ಚಿನ ಬಾಗಿಲ ಹತ್ತಿರ ಒಬ್ಬ ಗಡ್ಡದ ಮುದುಕ ಕೈಚಾಚಿ ನಿಂತಿದ್ದಾನೆ. ಅವನೂ ಮರದವನೇ. ಹೆಸರು ರೂಸೆನ್‌ಬೂಮ್. ಅವನ ತಲೆಯ ಮೇಲಿನ ಟೋಪಿಯನ್ನು ಎತ್ತಿದರೆ ಕೆಳಗೆ ನಾಣ್ಯ ಹಾಕುವ ಕಿಂಡಿ ಕಾಣುತ್ತದೆ. ದಯವಿಟ್ಟು ನನ್ನ ಟೋಪಿ ಎತ್ತಿ ಕಾಸು ಹಾಕಿ ಎಂಬರ್ಥದ ವಿನಂತಿಯ ಫಲಕವೂ ಇದೆ. ಹಿಂದೆ ಈ ಹೆಸರಿನ ಬಡವನೊಬ್ಬ ಹೊಸ ವರ್ಷದ ಹಿಂದಿನ ರಾತ್ರಿ ಭಿಕ್ಷೆಗೆ ಹೊರಟು, ಬೆಳಿಗ್ಗೆ ಹೊತ್ತಿಗೆ ಚಳಿಯಲ್ಲಿ ಮರಗಟ್ಟಿ ಸತ್ತಿದ್ದ ಎಂದು ಊರಿನವರು ಕಥೆ ಹೇಳುತ್ತಾರೆ. ಸೆಲ್ಮಾ ಲಾಗರ್‌ಲೋಫ್ ಶಾಲಾ ಮಕ್ಕಳಿಗೆ ಭೂಗೋಳ ಕಲಿಸಲೆಂದು 1906–07ರಲ್ಲಿ ಬರೆದ ನಿಲ್ಸ್ ಹೋಲ್ಗರ್ಸನ್ನನ ಕಥೆಯಲ್ಲಿಯೂ ಇವನು ಬರುತ್ತಾನೆ. ಕಂಚಿನ ರಾಜನ ಪ್ರತಿಮೆ ಅಟ್ಟಿಸಿಕೊಂಡು ಬಂದಾಗ ಪುಟ್ಟ ನಿಲ್ಸ್‌ನನ್ನು ತನ್ನ ಟೋಪಿಯ ಕೆಳಗೆ ಅಡಗಿಸಿಕೊಳ್ಳುವುದು ಇವನೇ.

ಇಂಥ ಮರದ ಭಿಕ್ಷುಕರು ಸ್ವೀಡನ್ನಿನಲ್ಲಿ ಇನ್ನೂ ಕೆಲವರಿದ್ದಾರೆ. 1809ರವರೆಗೆ ಸ್ವೀಡನ್ನಿನ ಭಾಗವೇ ಆಗಿದ್ದ ಫಿನ್ಲೆಂಡಿನಲ್ಲಿ ನೂರಕ್ಕೂ ಹೆಚ್ಚು ಉಳಿದಿದ್ದಾರೆ. ನಮ್ಮ ದೇವಸ್ಥಾನಗಳ ಹುಂಡಿ ದೇವರದ್ದು. ಈ ಹುಂಡಿ ಬಡವನದ್ದು, ಅದೂ ಬಡವನ ಆಕಾರದಲ್ಲೇ ಇರುವಂಥದ್ದು. ಲೆಕ್ಕ ಬರೆಯುವ ಕಸುಬಿನವನಾದ ನನಗೆ ಇಂಥ ಪೆಟ್ಟಿಗೆ ಕಂಡಾಗ ಏಳುವ ಮೊದಲ ಪ್ರಶ್ನೆ, ಇದರೊಳಗೆ ಬಿದ್ದ ಹಣ ಯಾರ ಖಾತೆಗೆ ಹೋಗುತ್ತಿತ್ತು ಎಂಬುದು. ಉತ್ತರ ಸುಲಭ: ಆ ಚರ್ಚಿನ ಸೀಮೆಗೆ ಸೇರಿದ ಬಡವರಿಗೆ. ಈ ‘ಸೀಮೆಗೆ ಸೇರಿದ’ ಎಂಬ ಮಾತಿನ ಬೆನ್ನು ಹಿಡಿದು ಹೋದರೆ ಸ್ವೀಡನ್ನಿನ ಐನೂರು ವರ್ಷಗಳ ಒಂದು ಕಥೆ ಬಿಚ್ಚಿಕೊಳ್ಳುತ್ತದೆ. ಪರರನ್ನು ಪ್ರೀತಿಸುವುದೇ ಕ್ರೈಸ್ತ ಬಾಳಿನ ತಿರುಳು ಎಂದು ಒಪ್ಪಿಕೊಂಡ ಒಂದು ನಾಡು, ಆ ‘ಪರರು’ ಯಾರು ಎಂಬುದನ್ನು ಹೇಗೆ ಹೇಗೆ ತೀರ್ಮಾನಿಸಿತು ಎಂಬ ಕಥೆ.

ನಾನು ಕ್ರೈಸ್ತನಲ್ಲ. ಆದರೆ ಇಲ್ಲಿ ಬಾಳುವವನಿಗೆ ಈ ಪ್ರಶ್ನೆಯಿಂದ ತಪ್ಪಿಸಿಕೊಳ್ಳುವುದು ಕಷ್ಟ. ಭಾಷೆಯಲ್ಲೇ ಅದು ಕೂತಿದೆ. ಬೈಬಲಿನಲ್ಲಿ ಕನ್ನಡದವರು ‘ನೆರೆಯವನು’ ಎನ್ನುವಲ್ಲಿ ಸ್ವೀಡಿಷರು ‘ನೆಸ್ತಾ’ ಎನ್ನುತ್ತಾರೆ. ಅದರ ಮೂಲಾರ್ಥ ‘ಅತಿ ಹತ್ತಿರದವನು’. ದಿನಬಳಕೆಯಲ್ಲಿ ಅದಕ್ಕೆ ‘ಮುಂದಿನದು’ ಎಂಬ ಅರ್ಥವೂ ಇದೆ. ಸ್ಟಾಕ್‌ಹೋಮಿನ ಮೆಟ್ರೋದಲ್ಲಿ ಮುಂದಿನ ನಿಲ್ದಾಣದ ಹೆಸರು ಹೇಳುವ ಮೊದಲು ಧ್ವನಿವರ್ಧಕ ‘ನೆಸ್ತಾ’ ಎನ್ನುತ್ತದೆ. ಸರದಿಯ ಸಾಲಿನಲ್ಲಿ ಮುಂದಿನವರನ್ನು ಕರೆಯುವುದೂ ‘ನೆಸ್ತಾ’ ಎಂದೇ. ಹತ್ತಿರದವನು ಮತ್ತು ಮುಂದೆ ಬರಲಿರುವವನು, ಎರಡೂ ಒಂದೇ ಪದ.

ಲೂಕನ ಸುವಾರ್ತೆಯಲ್ಲಿ ಧರ್ಮಶಾಸ್ತ್ರ ಬಲ್ಲವನೊಬ್ಬ ಯೇಸುವನ್ನು ಕೇಳುವುದೂ ಇದನ್ನೇ. ನೆರೆಯವನನ್ನು ತನ್ನಂತೆ ಪ್ರೀತಿಸಬೇಕೆಂಬ ಆಜ್ಞೆ ಅವನಿಗೆ ಗೊತ್ತು. ನೆರೆಯವನೆಂದರೆ ಯಾರು ಎಂಬುದಷ್ಟೇ ಅವನ ಪ್ರಶ್ನೆ. ಅದು ಕಟುಕನ ಪ್ರಶ್ನೆಯಲ್ಲ, ಲೆಕ್ಕಿಗನ ಪ್ರಶ್ನೆ. ಹೊಣೆ ಎಲ್ಲಿಯವರೆಗೆ ಎಂದು ಗೊತ್ತಾದರೆ ಅಷ್ಟಕ್ಕೆ ಹಣ ತೆಗೆದಿಡಬಹುದು. ಉತ್ತರವಾಗಿ ಯೇಸು ಹೇಳಿದ ಕಥೆ ಎಲ್ಲರಿಗೂ ಗೊತ್ತು. ಯೆರೂಸಲೇಮಿನಿಂದ ಯೆರಿಕೋವಿಗೆ ಇಳಿಯುವ ದಾರಿಯಲ್ಲಿ ಒಬ್ಬನನ್ನು ಕಳ್ಳರು ಹೊಡೆದು ಬಿಸಾಡಿ ಹೋಗುತ್ತಾರೆ. ಯಾಜಕನೂ ಲೇವಿಯನೂ ಪಕ್ಕಕ್ಕೆ ಸರಿದು ನಡೆಯುತ್ತಾರೆ. ಯೆಹೂದ್ಯರಿಗೆ ಆಗದ ಸಮಾರ್ಯದವನೊಬ್ಬ ನಿಂತು, ಗಾಯ ಕಟ್ಟಿ, ತನ್ನ ಪ್ರಾಣಿಯ ಮೇಲೆ ಕೂರಿಸಿ ಛತ್ರಕ್ಕೆ ಕರೆದೊಯ್ಯುತ್ತಾನೆ.

ಈ ಕಥೆಯ ಕೊನೆಯಲ್ಲಿ ಒಂದು ವ್ಯವಹಾರವಿದೆ. ಉಪದೇಶ ಮಾಡುವವರು ಅದರ ಮೇಲೆ ಹೆಚ್ಚು ಹೊತ್ತು ನಿಲ್ಲುವುದಿಲ್ಲ. ಮರುದಿನ ಸಮಾರ್ಯದವನು ಛತ್ರದವನಿಗೆ ಎರಡು ಬೆಳ್ಳಿಯ ಕಾಸು ಕೊಡುತ್ತಾನೆ. ಅಂದಿನ ಲೆಕ್ಕದಲ್ಲಿ ಎರಡು ದಿನದ ಕೂಲಿ. ಇದಕ್ಕಿಂತ ಹೆಚ್ಚು ಖರ್ಚಾದರೆ ಹಿಂತಿರುಗಿ ಬರುವಾಗ ತೀರಿಸುತ್ತೇನೆ ಎನ್ನುತ್ತಾನೆ. ಅಂದರೆ ಮುಂಗಡ ಕೊಟ್ಟು, ಮೇಲಿನದಕ್ಕೆ ಮಿತಿಯಿಲ್ಲದ ಜಾಮೀನು ನಿಂತ. ಯಾವ ಆಡಿಟರನೂ ಇದಕ್ಕೆ ಸುಮ್ಮನೆ ಸಹಿ ಹಾಕಲಾರ. ಎಷ್ಟು ದಿನ, ಎಷ್ಟು ಮೊತ್ತ, ಯಾರ ಅನುಮತಿ ಎಂದು ಕೇಳಿಯೇ ಕೇಳುತ್ತಾನೆ. ಸ್ವೀಡನ್ನಿನ ಇತಿಹಾಸವೆಲ್ಲ ಈ ಖಾಲಿ ಬಿಟ್ಟ ಮೊತ್ತಕ್ಕೆ ಒಂದು ಅಂಕಿ ತುಂಬುವ ಪ್ರಯತ್ನ ಎಂದರೂ ಸಲ್ಲುತ್ತದೆ.

ಹದಿನಾರನೆಯ ಶತಮಾನದಲ್ಲಿ ಲೂಥರನ ಸುಧಾರಣೆಯನ್ನು ಒಪ್ಪಿಕೊಂಡ ಸ್ವೀಡನ್ನಿನಲ್ಲಿ ಚರ್ಚೂ ಸರ್ಕಾರವೂ ಒಂದೇ ಯಂತ್ರದ ಎರಡು ಗಾಲಿಗಳಾದವು. 1686ರ ಚರ್ಚ್ ಕಾಯಿದೆಯ ನಂತರ ಪಾದ್ರಿಗಳು ಮನೆಮನೆಯವರನ್ನೂ ಕೂಡಿಸಿ, ಲೂಥರನ ಪ್ರಶ್ನೋತ್ತರ ಪಾಠ ಎಷ್ಟು ಬರುತ್ತದೆಂದು ಪರೀಕ್ಷಿಸಿ ದಫ್ತರದಲ್ಲಿ ಗುರುತು ಹಾಕತೊಡಗಿದರು. ಯಾರು ಓದಬಲ್ಲರು, ಯಾರು ಎಲ್ಲಿಂದ ಬಂದರು, ಯಾರು ಎಲ್ಲಿಗೆ ಹೋದರು, ಯಾರು ಸತ್ತರು ಎಲ್ಲವೂ ಆ ದಫ್ತರಗಳಲ್ಲಿ ಇದೆ. 1749ರಿಂದ ನಾಡಿನ ಜನಸಂಖ್ಯೆಯ ಅಂಕಿಅಂಶಗಳು ಸಿದ್ಧವಾದದ್ದೂ ಇವುಗಳಿಂದಲೇ. ಜಗತ್ತಿನಲ್ಲಿ ಇಷ್ಟು ಹಳೆಯ, ಇಷ್ಟು ಎಡೆಬಿಡದ ಜನಲೆಕ್ಕ ಅಪರೂಪ.

ದಫ್ತರದಲ್ಲಿ ಹೆಸರಿದ್ದವನು ನಮ್ಮವನು, ಇಲ್ಲದವನು ಹೊರಗಿನವನು. 1763ರ ರಾಜಾಜ್ಞೆ ಪ್ರತಿಯೊಂದು ಪ್ಯಾರಿಷ್, ಎಂದರೆ ಒಂದು ಚರ್ಚಿಗೆ ಸೇರಿದ ಹಳ್ಳಿಗಳ ಸೀಮೆ, ತನ್ನ ಬಡವರನ್ನು ತಾನೇ ಸಾಕಬೇಕು ಎಂದು ವಿಧಿಸಿತು. ಇದು ಸಣ್ಣ ಮಾತಲ್ಲ. ಹಸಿದವನಿಗೆ ಊರು ಹೊಣೆ ಎಂದು ಕಾನೂನೇ ಹೇಳಿತು. ಆದರೆ ಅದರ ಇನ್ನೊಂದು ಮಗ್ಗುಲೂ ಕೂಡಲೇ ಕಂಡಿತು. ನಮ್ಮ ಬಡವರು ನಮ್ಮ ಹೊಣೆಯಾದರೆ, ಹೊಸ ಬಡವರು ನಮ್ಮ ಸೀಮೆಗೆ ಬಾರದಂತೆ ನೋಡಿಕೊಳ್ಳುವುದೂ ನಮ್ಮ ಲಾಭವೇ. ಮುಂದೆ ಹೊರೆಯಾಗಬಹುದೆಂದು ಕಂಡವರು ನೆಲೆಸದಂತೆ ತಡೆಯುವ ಅಧಿಕಾರವನ್ನು ಪ್ಯಾರಿಷ್‌ಗಳು ಆ ಶತಮಾನದ ಕೊನೆಯ ಹೊತ್ತಿಗೆ ಪಡೆದುಕೊಂಡವು. ವಿಧವೆ, ಕುಂಟ, ಹೆಚ್ಚು ಮಕ್ಕಳಿರುವ ಕೂಲಿಯವನು ಇಂಥವರ ವಿಷಯದಲ್ಲಿ ಯಾವ ಪ್ಯಾರಿಷ್‌ ಹೊಣೆ ಎಂಬ ಜಗಳ ನಡೆಯುತ್ತಿತ್ತು. ಒಳ್ಳೆಯ ಆಜ್ಞೆಯೊಂದಕ್ಕೆ ಸರಹದ್ದು ಬಿದ್ದಿತ್ತು.

ಸರಹದ್ದಿನ ಒಳಗಿದ್ದವರ ಪಾಡು ಹೇಗಿತ್ತು? ಸರದಿಯ ಊಟ ಒಂದು ಪದ್ಧತಿ. ಸೀಮೆಯ ಮನೆಗಳನ್ನು ಗುಂಪು ಮಾಡಿ, ದಿಕ್ಕಿಲ್ಲದ ಮುದುಕ ಮುದುಕಿಯರನ್ನು ಮನೆಯಿಂದ ಮನೆಗೆ ಕಳಿಸುವುದು. ಒಂದೊಂದು ಮನೆಯಲ್ಲಿ ಇಷ್ಟು ದಿನ ಎಂದು ಗೊತ್ತು ಮಾಡುವುದು. ಓದಿದಾಗ ನನಗೆ ನೆನಪಾದದ್ದು ನಮ್ಮ ಹಿರಿಯರ ಬಾಯಲ್ಲಿ ಕೇಳಿದ ವಾರಾನ್ನ. ಸೋಮವಾರ ಇವರ ಮನೆ, ಮಂಗಳವಾರ ಅವರ ಮನೆ ಎಂದು ಉಂಡು ಓದಿ ದೊಡ್ಡವರಾದವರ ಕಥೆಗಳು ಕನ್ನಡದಲ್ಲಿ ಎಷ್ಟಿಲ್ಲ! ಆದರೆ ವಾರಾನ್ನದ ಹುಡುಗನಿಗೆ ಒಂದು ನಾಳೆ ಇತ್ತು. ಈ ಮುದುಕರಿಗೆ ಇದ್ದದ್ದು ಮುಂದಿನ ಮನೆ ಮಾತ್ರ. ಜೊತೆಗೆ ವಾರಾನ್ನದಲ್ಲಿ ಜಾತಿ ನೋಡುತ್ತಿದ್ದರು ಎಂಬುದನ್ನೂ ಮರೆಯಬಾರದು. ಸರಹದ್ದು ನಮ್ಮಲ್ಲೂ ಇತ್ತು, ಬೇರೆ ರೂಪದಲ್ಲಿ.

ಇನ್ನೊಂದು ಪದ್ಧತಿ ಹರಾಜು. ತಬ್ಬಲಿ ಮಗುವನ್ನೋ ನಿರ್ಗತಿಕ ಮುದುಕಿಯನ್ನೋ ಪ್ಯಾರಿಷ್‌ನ ಸಭೆಯ ಮುಂದೆ ನಿಲ್ಲಿಸಿ ಸವಾಲು ಕೂಗುತ್ತಿದ್ದರು. ಇಲ್ಲಿ ಬೆಲೆ ಏರುವುದಿಲ್ಲ, ಇಳಿಯುತ್ತದೆ. ಇವಳನ್ನು ಒಂದು ವರ್ಷ ಸಾಕಲು ಪ್ಯಾರಿಷ್‌ನಿಂದ ಎಷ್ಟು ಹಣ ಬೇಕು ಎಂಬುದು ಸವಾಲು. ಅತಿ ಕಡಿಮೆ ಕೇಳಿದವನ ಪಾಲಿಗೆ ಆ ಜೀವ. ನಮ್ಮಲ್ಲಿ ರಸ್ತೆ, ಸೇತುವೆಯ ಕೆಲಸಕ್ಕೆ ಕರೆಯುವ ಟೆಂಡರಿನಲ್ಲಿ ‘ಎಲ್-1’ ಎನ್ನುತ್ತಾರಲ್ಲ, ಅದೇ ವಿಧಾನ. ಕಡಿಮೆ ಹಣಕ್ಕೆ ಒಪ್ಪಿಕೊಂಡವನಿಗೆ ನಷ್ಟವಾಗಬಾರದೆಂದರೆ ದಾರಿ ಎರಡೇ: ಕಡಿಮೆ ಉಣಿಸಬೇಕು, ಇಲ್ಲವೇ ಹೆಚ್ಚು ದುಡಿಸಬೇಕು. ಮಕ್ಕಳನ್ನು ಅಕ್ಕರೆಯಿಂದ ಬೆಳೆಸಿದ ಮನೆಗಳೂ ಖಂಡಿತ ಇದ್ದವು. ಆದರೆ ಆ ಅಕ್ಕರೆಗೆ ಪದ್ಧತಿ ಕಾರಣವಲ್ಲ, ಪದ್ಧತಿಯನ್ನು ಮೀರಿದ ಜನ ಕಾರಣ.

ಇದನ್ನು ನಡೆಸಿದವರು ರಾಕ್ಷಸರಲ್ಲ. ಭಾನುವಾರ ಚರ್ಚಿಗೆ ಹೋಗುವ, ನೆರೆಯವನನ್ನು ಪ್ರೀತಿಸುವ ಆಜ್ಞೆಯನ್ನು ಬಾಯಿಪಾಠ ಒಪ್ಪಿಸಿ ಪಾದ್ರಿಯ ದಫ್ತರದಲ್ಲಿ ಒಳ್ಳೆಯ ಗುರುತು ಪಡೆದ ಜನ. ಅವರೂ ಬಡವರೇ. 1867–69ರ ಬರದಲ್ಲಿ ಉತ್ತರದ ಕಡೆ ಕಲ್ಲುಹೂವಿನ ಪುಡಿ ಬೆರೆಸಿದ ರೊಟ್ಟಿ ತಿಂದ ನಾಡು ಇದು. ಆ ಶತಮಾನದ ನಡುವಿನಿಂದ 1930ರವರೆಗೆ ಸುಮಾರು 13 ಲಕ್ಷ ಜನ ಅಮೆರಿಕೆಯ ಕಡೆಗೆ ಹೊರಟುಹೋದರು. ಅಂಥ ಬಡತನದಲ್ಲಿ ಪ್ಯಾರಿಷ್‌ನ ಲೆಕ್ಕಪುಸ್ತಕದಲ್ಲಿ ಉಳಿಸಿದ ಪ್ರತಿ ಕಾಸೂ ಯಾರದೋ ಮನೆಯ ತೆರಿಗೆ. ಲೆಕ್ಕ ಸರಿಯಾಗಿಯೇ ಇತ್ತು. ಆಜ್ಞೆ ಮಾತ್ರ ಅದರಲ್ಲಿ ಎಲ್ಲೂ ಇರಲಿಲ್ಲ.

ಸರಹದ್ದಿನ ಹೊರಗಿದ್ದವರ ಕಥೆ ಇನ್ನೂ ಹಳೆಯದು. 1512ರಲ್ಲಿ ರೋಮಾ ಜನರ ಒಂದು ತಂಡ ಸ್ಟಾಕ್‌ಹೋಮಿಗೆ ಬಂದದ್ದು ದಾಖಲಾಗಿದೆ. 1560ರಲ್ಲಿ ಆರ್ಚ್‌ಬಿಷಪ್ ಲೌರೆಂಟಿಯಸ್ ಪೇತ್ರಿ, ಇವರ ಮಕ್ಕಳಿಗೆ ದೀಕ್ಷಾಸ್ನಾನ ಕೊಡಬಾರದು, ಇವರ ಶವಗಳನ್ನು ಹೂಳಬಾರದು ಎಂದು ಪಾದ್ರಿಗಳಿಗೆ ಅಪ್ಪಣೆ ಮಾಡಿದ. ಹುಟ್ಟಿಗೂ ಸಾವಿಗೂ ಚರ್ಚಿನ ದಫ್ತರವೇ ಸಾಕ್ಷಿಯಾಗಿದ್ದ ನಾಡಿನಲ್ಲಿ ಇದರರ್ಥ ಇವರು ಹುಟ್ಟಲೂ ಇಲ್ಲ, ಸಾಯಲೂ ಇಲ್ಲ ಎಂದು. 1637ರ ಶಾಸನ ನಾಡು ಬಿಡದ ರೋಮಾ ಗಂಡಸರನ್ನು ವಿಚಾರಣೆಯಿಲ್ಲದೆ ಕೊಲ್ಲಬಹುದು ಎಂದಿತು. 1914ರಿಂದ 1954ರವರೆಗೆ ರೋಮಾ ಜನ ಸ್ವೀಡನ್ನಿಗೆ ಕಾಲಿಡುವುದನ್ನೇ ಕಾನೂನು ನಿಷೇಧಿಸಿತ್ತು; ಹಿಟ್ಲರನ ಕಾಲ ಆ ನಲವತ್ತು ವರ್ಷಗಳ ಒಳಗೇ ಬರುತ್ತದೆ ಎಂಬುದನ್ನು ನೆನೆಯಬೇಕು. ಒಳಗಿದ್ದವರ ಮಕ್ಕಳಿಗೂ ಶಾಲೆ ಸಿಕ್ಕದ ಸ್ಥಿತಿ ಇಪ್ಪತ್ತನೆಯ ಶತಮಾನದ ನಡುವಿನವರೆಗೂ ಇತ್ತು. ಅದನ್ನು ಸ್ವೀಡನ್ನಿನ ಓದುಗರ ಮುಂದೆ ಇಟ್ಟವರಲ್ಲಿ ಮುಖ್ಯಳು, ಕಾತಿತ್ಸಿ ಎಂಬ ಹುಡುಗಿಯ ಕಥೆಗಳನ್ನು ಬರೆದ ರೋಮಾ ಲೇಖಕಿ ಕತರೀನಾ ತೈಕೊನ್. 2014ರಲ್ಲಿ ಸರ್ಕಾರವೇ ಒಂದು ಶ್ವೇತಪತ್ರ ಹೊರಡಿಸಿ ಇಪ್ಪತ್ತನೆಯ ಶತಮಾನದ ಈ ಅನ್ಯಾಯಗಳನ್ನು ಒಪ್ಪಿಕೊಂಡಿತು.

ಹಾಗಾದರೆ ಆ ಆಜ್ಞೆ ಬರಿಯ ಮಾತಾಗಿಯೇ ಉಳಿಯಿತೇ? ಇಲ್ಲ. ಸರಹದ್ದು ದಾಟಿದವರು ಪ್ರತಿ ಕಾಲದಲ್ಲೂ ಇದ್ದರು. 1849ರಲ್ಲಿ ಸ್ಟಾಕ್‌ಹೋಮಿನಲ್ಲಿ ಬಡವರ, ರೋಗಿಗಳ ಸೇವೆಗಾಗಿ ಹೆಣ್ಣುಮಕ್ಕಳನ್ನು ತಯಾರು ಮಾಡುವ ಒಂದು ಸಂಘ ಹುಟ್ಟಿತು. ಅದರ ಪರವಾಗಿ ಮರಿಯಾ ಸೆಡರ್‌ಶೋಲ್ಡ್ ಎಂಬಾಕೆ ಜರ್ಮನಿಯ ಕೈಸರ್ಸ್‌ವೆರ್ತ್‌ಗೆ ಹೋಗಿ ರೋಗಿಗಳ ಶುಶ್ರೂಷೆ ಕಲಿತು ಬಂದಳು. ಫ್ಲಾರೆನ್ಸ್ ನೈಟಿಂಗೇಲಳೂ ತರಬೇತಿ ಪಡೆದ ಸಂಸ್ಥೆ ಅದು. 1851ರಲ್ಲಿ ಮರಿಯಾ ಆರಂಭಿಸಿದ ಕೆಲಸ ಸ್ವೀಡನ್ನಿನಲ್ಲಿ ನರ್ಸ್ ಶಿಕ್ಷಣಕ್ಕೆ ಮೊದಲಾಯಿತು. 1864ರಲ್ಲಿ ಈ ಸಂಸ್ಥೆ ನಗರದ ದಕ್ಷಿಣ ಭಾಗದಲ್ಲಿ ನೀರಿನ ಮೇಲೆ ಚಾಚಿಕೊಂಡಿರುವ ಎರ್ಸ್ತಾ ಗುಡ್ಡಕ್ಕೆ ಬಂತು. ಎರ್ಸ್ತಾ ಆಸ್ಪತ್ರೆ ಇಂದಿಗೂ ನಡೆಯುತ್ತಿದೆ. ಮಂಗಳೂರಿನ ಕಂಕನಾಡಿಯಲ್ಲಿ ಫಾದರ್ ಅಗಸ್ಟಸ್ ಮುಲ್ಲರ್ 1880ರಲ್ಲಿ ಹೋಮಿಯೋಪತಿ ಔಷಧಿ ಹಂಚಲು ಆರಂಭಿಸಿ, ಕುಷ್ಠರೋಗಿಗಳಿಗೆ ಆಶ್ರಯ ಕಟ್ಟಿದ ಕಥೆ ಗೊತ್ತಿರುವವರಿಗೆ ಈ ದಾರಿ ಪರಿಚಿತವೇ. ಇಬ್ಬರ ಪಂಥ ಬೇರೆ, ನಾಡು ಬೇರೆ. ಯಾರ ಊರಿನವನು ಎಂದು ಕೇಳುವ ಮೊದಲು ಗಾಯ ನೋಡುವ ಅಭ್ಯಾಸ ಮಾತ್ರ ಒಂದೇ.

ಮೊದಲನೆಯ ಮಹಾಯುದ್ಧದಲ್ಲಿ ರಷ್ಯಾದ ಕೈಗೆ ಸಿಕ್ಕ ಜರ್ಮನ್ ಮತ್ತು ಆಸ್ಟ್ರಿಯಾದ ಸೈನಿಕರು ಸೈಬೀರಿಯಾದ ಶಿಬಿರಗಳಲ್ಲಿ ಹಸಿವು, ಚಳಿ, ವಿಷಮಜ್ವರದಿಂದ ಸಾಯುತ್ತಿದ್ದರು. ಸೇಂಟ್ ಪೀಟರ್ಸ್‌ಬರ್ಗಿನಲ್ಲಿ ಸ್ವೀಡನ್ನಿನ ರಾಯಭಾರಿಯಾಗಿದ್ದವರ ಮಗಳು ಎಲ್ಸಾ ಬ್ರೆಂಡ್‌ಸ್ಟ್ರೋಮ್ 1915ರಲ್ಲಿ ರೆಡ್‌ಕ್ರಾಸ್ ಪರವಾಗಿ ಅಲ್ಲಿಗೆ ಹೊರಟಳು. ಆಗ ಅವಳಿಗೆ ಇಪ್ಪತ್ತೇಳು ವರ್ಷ. ತಾನೂ ಜ್ವರ ಬಿದ್ದು ಎದ್ದಳು. ಕ್ರಾಂತಿ, ಅಂತರ್ಯುದ್ಧಗಳ ನಡುವೆಯೂ 1920ರವರೆಗೆ ಆ ಕೆಲಸ ಬಿಡಲಿಲ್ಲ. ಕೈದಿಗಳು ಅವಳ ದೇಶದವರಲ್ಲ. ಸ್ವೀಡನ್ ಆ ಯುದ್ಧದಲ್ಲೇ ಇರಲಿಲ್ಲ. ಸಾಯುತ್ತಿದ್ದವರಿಗೆ ಕೊಟ್ಟ ಮಾತಿನಂತೆ ಅವರ ಮಕ್ಕಳಿಗಾಗಿ ಜರ್ಮನಿಯಲ್ಲಿ ಒಂದು ನೆಲೆ ಕಟ್ಟಿದಳು. ಅದಕ್ಕಾಗಿ ಅಮೆರಿಕದ ಊರೂರು ತಿರುಗಿ ಭಾಷಣ ಮಾಡಿ ಹಣ ಕೂಡಿಸಿದಳು. ಅವಳು ತೀರಿಕೊಂಡದ್ದು 1948ರಲ್ಲಿ, ಅಮೆರಿಕದಲ್ಲಿ. ಸಮಾರ್ಯದವನ ಆ ‘ಹಿಂತಿರುಗಿ ಬರುವಾಗ ತೀರಿಸುತ್ತೇನೆ’ ಎಂಬ ಮಾತಿನ ಅರ್ಥ ನನಗೆ ತಿಳಿದದ್ದು ಇವಳ ಚರಿತ್ರೆಯಿಂದ. ಯುದ್ಧ ಮುಗಿದರೂ ಅವಳ ಖಾತೆ ಮುಗಿಯಲಿಲ್ಲ.

ಬರ್ಲಿನ್ನಿನ ಸ್ವೀಡಿಷ್ ಚರ್ಚಿನ ಕಥೆಯೂ ಹೀಗೆಯೇ. 1929ರಿಂದ 1942ರವರೆಗೆ ಅಲ್ಲಿ ಪಾದ್ರಿಯಾಗಿದ್ದ ಬಿರ್ಗರ್ ಫೊರೆಲ್, ಅವನ ನಂತರ ಬಂದ ಎರಿಕ್ ಪೆರ್ವೆ ನಾಜಿಗಳಿಂದ ತಲೆಮರೆಸಿಕೊಂಡ ಯೆಹೂದ್ಯರಿಗೂ ಇತರರಿಗೂ ಅನ್ನ ಕೊಟ್ಟರು, ಅಡಗುತಾಣ ಕೊಟ್ಟರು, ದಾಟಿಹೋಗುವ ದಾರಿ ಹುಡುಕಿದರು. ಪೆರ್ವೆ 1944ರ ನವೆಂಬರಿನಲ್ಲಿ ಸ್ವೀಡನ್ನಿಗೆ ಹೊರಟ ವಿಮಾನ ಬಿದ್ದು ಸತ್ತ. ಅವನ ಜಾಗದಲ್ಲಿ ನಿಂತ ಎರಿಕ್ ಮಿರ್ಗ್ರೆನ್ ಯುದ್ಧದ ಕೊನೆಯವರೆಗೂ ಆ ಬಾಗಿಲು ತೆರೆದಿಟ್ಟ.

ಇದೇ ಚರ್ಚಿನ ಇನ್ನೊಂದು ಕೈ ಅದೇ ವರ್ಷಗಳಲ್ಲಿ ಏನು ಮಾಡುತ್ತಿತ್ತು ಎಂಬುದನ್ನೂ ಬರೆಯದಿದ್ದರೆ ಲೆಕ್ಕ ತಾಳೆಯಾಗದು. ಸ್ವೀಡನ್ನಿನಲ್ಲಿ ಮದುವೆಗೆ ಅಡ್ಡಿಯೇನೂ ಇಲ್ಲವೆಂದು ದಫ್ತರ ನೋಡಿ ದೃಢಪಡಿಸುವ ಕೆಲಸ ಪಾದ್ರಿಗಳದ್ದಾಗಿತ್ತು. 1930ರ ದಶಕದ ಕೊನೆಯಲ್ಲಿ ಜರ್ಮನ್ನರನ್ನು ಮದುವೆಯಾಗಲು ಬಂದ ಸ್ವೀಡಿಷರನ್ನು ಅವರು, ನಿಮ್ಮ ಅಜ್ಜ ಅಜ್ಜಿಯರಲ್ಲಿ ಯೆಹೂದ್ಯರು ಇದ್ದರೇ ಎಂದು ಕೇಳತೊಡಗಿದರು. ಜರ್ಮನಿಯ ಜನಾಂಗ ಕಾಯಿದೆ ಸ್ವೀಡನ್ನಿನ ಹಳ್ಳಿಯ ಪಾದ್ರಿಯ ಮೇಜಿನ ಮೇಲೂ ಬಂದು ಕೂತಿತ್ತು. ಬರ್ಲಿನ್ನಿನಲ್ಲಿ ಪ್ರಾಣ ಪಣಕ್ಕಿಟ್ಟವರೂ, ಇಲ್ಲಿ ಫಾರಂ ತುಂಬಿಸಿದವರೂ ಒಂದೇ ಪ್ರಾರ್ಥನೆ ಪುಸ್ತಕ ಓದುತ್ತಿದ್ದವರು.

ಇಷ್ಟರಲ್ಲಿ ಬಡವರ ಹೊಣೆ ಚರ್ಚಿನ ಕೈ ಬಿಟ್ಟಿತ್ತು. 1862ರ ಸುಧಾರಣೆ ಊರಾಡಳಿತವನ್ನು ಚರ್ಚಿನಿಂದ ಬೇರೆ ಮಾಡಿತು. ಬಡವರ ಪೋಷಣೆ ಪುರಸಭೆ, ಪಂಚಾಯಿತಿಗಳ ಪಾಲಾಯಿತು. 1913ರಲ್ಲಿ ಎಲ್ಲರಿಗೂ ಪಿಂಚಣಿ ಎಂಬ ಕಾನೂನು ಬಂತು. ಮನುಷ್ಯರ ಹರಾಜನ್ನೂ ಸರದಿಯ ಊಟವನ್ನೂ ಕೊನೆಗಾಣಿಸಿದ್ದು 1918ರ ಕಾಯಿದೆ. ಹಾಗೆಂದು ಎಲ್ಲವೂ ಒಮ್ಮೆಲೇ ಸರಿಹೋಗಲಿಲ್ಲ. ಬಡವರ ನಿಧಿಯಿಂದ ಕಾಯಂ ನೆರವು ಪಡೆಯುವವರಿಗೆ ಮತದಾನದ ಹಕ್ಕು 1945ರವರೆಗೂ ಇರಲಿಲ್ಲ. 1928ರಲ್ಲಿ ಪೇರ್ ಆಲ್ಬಿನ್ ಹಾನ್ಸನ್ ನಾಡೆಂದರೆ ಜನರೆಲ್ಲರ ಮನೆ, ಒಳ್ಳೆಯ ಮನೆಯಲ್ಲಿ ಮುದ್ದಿನ ಮಗು, ಮಲಮಗು ಎಂಬ ಭೇದವಿರಬಾರದು ಎಂಬರ್ಥದ ಮಾತಾಡಿದ. ಮುಂದಿನ ಐವತ್ತು ವರ್ಷಗಳಲ್ಲಿ ಆ ಮನೆ ಎದ್ದಿತು.

ಚರ್ಚಿನ ಗೆಳೆಯರಲ್ಲಿ ಕೆಲವರು ಇದನ್ನು ಕೊಂಚ ವಿಷಾದದಿಂದ ನೋಡುತ್ತಾರೆ. ಪ್ರೀತಿ ಇದ್ದ ಜಾಗದಲ್ಲಿ ತೆರಿಗೆ ಬಂದು ಕೂತಿತು ಎನ್ನುತ್ತಾರೆ. ನನಗೆ ಹಾಗೆನಿಸುವುದಿಲ್ಲ. ಹರಾಜಿನಲ್ಲಿ ನಿಂತ ಮುದುಕಿ ತನ್ನನ್ನು ಒಯ್ದವನಿಗೆ ಕೈಮುಗಿಯಬೇಕಿತ್ತು. ಇಂದಿನ ಮುದುಕಿ ಪಿಂಚಣಿಗಾಗಿ ಯಾರಿಗೂ ಕೈಮುಗಿಯಬೇಕಿಲ್ಲ. ಕೊಟ್ಟವನು ಯಾರೆಂದು ಅವಳಿಗೆ ಗೊತ್ತಿಲ್ಲ, ಕೊಟ್ಟವನಿಗೂ ಅವಳ ಮುಖ ಗೊತ್ತಿಲ್ಲ. ನಮ್ಮ ಶರಣರು ದಾಸೋಹ ಎಂಬ ಪದ ಬಳಸಿದಾಗ ಕೊಡುವವನನ್ನೇ ದಾಸನ ಜಾಗದಲ್ಲಿ ನಿಲ್ಲಿಸಿದರು. ಪಡೆಯುವವನ ತಲೆ ತಗ್ಗದಿರಲಿ ಎಂಬ ಕಾಳಜಿ ಅದರಲ್ಲಿದೆ. ಈ ನಾಡಿನ ತೆರಿಗೆ ವ್ಯವಸ್ಥೆ ಅದೇ ಕೆಲಸವನ್ನು ಮೌನವಾಗಿ ಮಾಡುತ್ತದೆ. ಹಾಗಾಗಿ ಪ್ರೀತಿ ಹಕ್ಕಾಗಿ ಬದಲಾದದ್ದನ್ನು ನಾನು ಪ್ರೀತಿಯ ಸೋಲೆಂದು ಬರೆಯಲಾರೆ.

ಸಮಸ್ಯೆ ಇರುವುದು ಬೇರೆ ಕಡೆ. ಹಕ್ಕಿಗೂ ದಫ್ತರ ಬೇಕು. ಪ್ಯಾರಿಷ್‌ನ ಸರಹದ್ದು ಅಳಿಸಿಹೋಗಿ ನಾಡಿನ ಸರಹದ್ದು ಬಂತು. ಸುಮಾರು 2010ರ ನಂತರ ರುಮೇನಿಯಾ, ಬಲ್ಗೇರಿಯಾಗಳಿಂದ ಬಂದ ಬಡವರು, ಹೆಚ್ಚಿನವರು ರೋಮಾ ಜನ, ಸ್ವೀಡನ್ನಿನ ಅಂಗಡಿಗಳ ಮುಂದೆ ಕಾಗದದ ಲೋಟ ಹಿಡಿದು ಕೂರತೊಡಗಿದರು. ಯುರೋಪಿನ ಒಕ್ಕೂಟದ ಪ್ರಜೆಗಳಾದ ಅವರು ಇಲ್ಲಿಗೆ ಬರುವುದಕ್ಕೆ ತಡೆಯಿಲ್ಲ. ಆದರೆ ಇಲ್ಲಿನ ನಿವಾಸಿಗಳಾಗಿ ನೋಂದಣಿ ಇಲ್ಲ. ಒಂದು ತಲೆಮಾರು ಭಿಕ್ಷುಕರನ್ನೇ ಕಾಣದೆ ಬೆಳೆದ ನಾಡು ತಬ್ಬಿಬ್ಬಾಯಿತು. ಸರ್ಕಾರ ಇದಕ್ಕಾಗಿ ನೇಮಿಸಿದ ಸಂಯೋಜಕರು 2016ರ ವರದಿಯಲ್ಲಿ, ಲೋಟಕ್ಕೆ ಹಣ ಹಾಕಬೇಡಿ, ಅವರ ತಾಯ್ನಾಡಿನಲ್ಲಿ ಕೆಲಸ ಮಾಡುವ ಸಂಸ್ಥೆಗಳಿಗೆ ಕೊಡಿ ಎಂದು ಜನರಿಗೆ ಸಲಹೆ ಮಾಡಿದರು. ದಕ್ಷಿಣದ ವೆಲ್ಲಿಂಗೆ ಎಂಬ ಊರು ಕೆಲವು ಜಾಗಗಳಲ್ಲಿ ಭಿಕ್ಷೆ ನಿಷೇಧಿಸಿತು. 2018ರ ಕೊನೆಯಲ್ಲಿ ಸರ್ವೋಚ್ಚ ಆಡಳಿತ ನ್ಯಾಯಾಲಯ ಅದನ್ನು ಎತ್ತಿಹಿಡಿಯಿತು. ಎಸ್ಕಿಲ್‌ಸ್ತೂನಾ ನಗರ 2019ರ ಆಗಸ್ಟ್‌ನಿಂದ ಭಿಕ್ಷೆ ಬೇಡಲು ಪರವಾನಗಿ ಬೇಕೆಂದಿತು. ಅದರ ಶುಲ್ಕ 250 ಕ್ರೋನರ್. ಬೇಡುವವನು ಮೊದಲು ಕೊಡಬೇಕು.

ಇವಕ್ಕೆ ಕಾರಣಗಳಿಲ್ಲ ಎಂದಲ್ಲ. ಲೋಟದ ಚಿಲ್ಲರೆ ಯಾರ ಬಡತನವನ್ನೂ ಕಳೆಯುವುದಿಲ್ಲ; ಅವರ ಮಕ್ಕಳು ಊರಲ್ಲಿ ಶಾಲೆಯಿಲ್ಲದೆ ಇರುತ್ತಾರೆ; ಮೂಲ ಹೊಣೆ ಅವರ ಸರ್ಕಾರದ್ದು. ಪ್ರತಿಯೊಂದೂ ನಿಜ. ಆದರೆ ಈ ವಾದಗಳನ್ನು ಓದುವಾಗ ಹಳೆಯ ಪ್ಯಾರಿಷ್‌ನ ದನಿ ಕೇಳಿಸುತ್ತದೆ: ನಿಮ್ಮ ಬಡವರನ್ನು ನೀವು ನೋಡಿಕೊಳ್ಳಿ. ಅದೇ ಹೊತ್ತಿನಲ್ಲಿ ಹಲವು ಚರ್ಚುಗಳು ಇವರಿಗೆ ಬೆಳಗಿನ ತಿಂಡಿ, ಸ್ನಾನ, ಚಳಿಗಾಲದಲ್ಲಿ ಮಲಗುವ ಜಾಗ ಕೊಟ್ಟವು. 1853ರಲ್ಲಿ ನಗರದ ಬಡವರಿಗಾಗಿ ಹುಟ್ಟಿದ ಸ್ಟಾಕ್‌ಹೋಮ್ ಸ್ಟಾಡ್ಸ್‌ಮಿಷನ್ ಸಂಸ್ಥೆ, ಹೊರಗಿನಿಂದ ಬಂದ ಇಂಥ ನಿರ್ಗತಿಕರಿಗಾಗಿಯೇ 2011ರಲ್ಲಿ ಕ್ರಾಸ್‌ರೋಡ್ಸ್ ಎಂಬ ಕೇಂದ್ರ ತೆರೆಯಿತು.

ಭಾರತದಿಂದ ಬಂದ ನಾವು ಇದನ್ನು ಬೇರೆಯವರ ಮನೆಯ ಜಗಳದಂತೆ ನೋಡುವಂತಿಲ್ಲ. ರೋಮಾ ಜನರ ಪೂರ್ವಿಕರು ಸುಮಾರು ಸಾವಿರ ವರ್ಷಗಳ ಹಿಂದೆ ಹೊರಟದ್ದು ವಾಯವ್ಯ ಭಾರತದಿಂದ. ಅವರ ಭಾಷೆಯಲ್ಲಿ ನೀರು ‘ಪಾನಿ’, ಮೂಗು ‘ನಾಕ್’, ಎರಡು ‘ದುಯ್’, ಐದು ‘ಪಾಂಜ್’, ಮನುಷ್ಯ ‘ಮನುಷ್’. ಸ್ವೀಡನ್ 2000ದಿಂದ ಈ ಭಾಷೆಗೆ ರಾಷ್ಟ್ರೀಯ ಅಲ್ಪಸಂಖ್ಯಾತ ಭಾಷೆಯ ಸ್ಥಾನ ಕೊಟ್ಟಿದೆ. ಸಂಬಳದ ಚೀಟಿ, ವೀಸಾ, ವೈಯಕ್ತಿಕ ಗುರುತಿನ ಸಂಖ್ಯೆ ಎಲ್ಲ ಸರಿಯಾಗಿರುವ ನಾವು ಸಾಮಾನು ಚೀಲ ಹಿಡಿದು ಅಂಗಡಿಯಿಂದ ಹೊರಬರುವಾಗ, ಬಾಗಿಲಲ್ಲಿ ಕೂತವಳು ನಮ್ಮನ್ನು ನೋಡುವ ನೋಟ ಬೇರೆ ಇರುತ್ತದೆ. ನಾವು ಜೇಬಿನಲ್ಲಿ ನಾಣ್ಯವಿಲ್ಲ, ಎಲ್ಲ ಫೋನಿನಲ್ಲೇ ಎಂದುಕೊಂಡು ನಡೆಯುತ್ತೇವೆ. ಅದೂ ನಿಜವೇ.

ಈ ನಾಡಿನ ತೆರಿಗೆ ಪತ್ರದಲ್ಲಿ ಒಂದು ಸಾಲಿದೆ. 2000ದ ಜನವರಿ 1ರಂದು ಚರ್ಚೂ ಸರ್ಕಾರವೂ ಬೇರೆಯಾದವು. ಚರ್ಚಿನ ಸದಸ್ಯರು ವರಮಾನದ ಶೇ. 1ರ ಆಸುಪಾಸು ಚರ್ಚಿಗೆ ಕೊಡುತ್ತಾರೆ. ಅದನ್ನು ವಸೂಲು ಮಾಡಿಕೊಡುವುದು ತೆರಿಗೆ ಇಲಾಖೆಯೇ. ಸದಸ್ಯನಲ್ಲದ ನನ್ನ ಪತ್ರದಲ್ಲಿ ಆ ಸಾಲಿಲ್ಲ. ಆದರೆ ಹೂಳುವ ಶುಲ್ಕ ಎಂಬ ಇನ್ನೊಂದು ಸಣ್ಣ ಸಾಲು ಎಲ್ಲರಿಗೂ ಇದೆ. ಸ್ಟಾಕ್‌ಹೋಮ್ ಮತ್ತು ಟ್ರಾನೋಸ್ ಊರುಗಳನ್ನು ಬಿಟ್ಟರೆ ನಾಡಿನ ಉಳಿದೆಡೆ ಸ್ಮಶಾನಗಳ ಹೊಣೆ ಇಂದಿಗೂ ಚರ್ಚಿನದ್ದು. ಕ್ರೈಸ್ತನಿರಲಿ, ಮುಸಲ್ಮಾನನಿರಲಿ, ಕರ್ನಾಟಕದಿಂದ ಬಂದ ಅಕೌಂಟೆಂಟನಿರಲಿ, ಏನನ್ನೂ ನಂಬದವನಿರಲಿ, ಇಲ್ಲಿ ನೋಂದಣಿಯಾದ ಪ್ರತಿಯೊಬ್ಬನಿಗೂ ನೆಲದಲ್ಲಿ ಜಾಗ ಕೊಡಲೇಬೇಕೆಂದು ಕಾನೂನು ಹೇಳುತ್ತದೆ. 1560ರಲ್ಲಿ ಕೆಲವರ ಶವ ಹೂಳಬೇಡಿ ಎಂದ ಆರ್ಚ್‌ಬಿಷಪ್ಪನ ಚರ್ಚು ಇಂದು ಎಲ್ಲರಿಗೂ ಗುಳಿ ತೋಡುತ್ತದೆ. ಇಷ್ಟು ದೂರ ಬರಲು ನಾಲ್ಕೂವರೆ ಶತಮಾನ ಹಿಡಿದಿದೆ, ಮತ್ತು ಇದು ಸಣ್ಣ ದೂರವಲ್ಲ.

‘ನೋಂದಣಿಯಾದ ಪ್ರತಿಯೊಬ್ಬನಿಗೂ’ ಎಂಬಲ್ಲಿ ಗೆರೆ ಮತ್ತೆ ಇದೆ. ಅಂಗಡಿಯ ಬಾಗಿಲಲ್ಲಿ ಕೂತವಳ ಹೆಸರು ಯಾವ ದಫ್ತರದಲ್ಲೂ ಇಲ್ಲ. ಯೇಸು ಕಥೆ ಮುಗಿಸಿ ಆ ಶಾಸ್ತ್ರಿಗೆ ಅವನ ಪ್ರಶ್ನೆಯನ್ನೇ ತಿರುಗಿಸಿ ಕೇಳಿದ: ಬಿದ್ದವನಿಗೆ ಆ ಮೂವರಲ್ಲಿ ಯಾರು ನೆರೆಯವನಾದ? ನೆರೆಯವನು ಯಾರೆಂದು ಪಟ್ಟಿ ಮಾಡುವುದು ನಮ್ಮ ಕೆಲಸವಲ್ಲ, ನೆರೆಯವರಾಗುವುದು ನಮ್ಮ ಕೆಲಸ ಎಂದು ನಾನು ಅದನ್ನು ಅರ್ಥ ಮಾಡಿಕೊಂಡಿದ್ದೇನೆ. ಪಟ್ಟಿ ಬೇಡವೆಂದಲ್ಲ; ಪಟ್ಟಿಯಿಲ್ಲದೆ ಪಿಂಚಣಿ ಹಂಚಲಾಗದು, ಆಸ್ಪತ್ರೆ ನಡೆಸಲಾಗದು. ನನ್ನ ಕಸುಬೇ ಪಟ್ಟಿ ಮಾಡುವುದು. ಈ ನಾಡು ಗೆರೆಯನ್ನು ದೂರ ದೂರಕ್ಕೆ ಸರಿಸುತ್ತಾ ಬಂದಿದೆ, ಮತ್ತು ಪ್ರತಿ ಸಲವೂ ಅದನ್ನು ಸರಿಸಿದವರು ಗೆರೆ ಸರಿಯುವ ಮೊದಲೇ ದಾಟಿಹೋಗಿದ್ದ ಕೆಲವರು: ಜ್ವರದ ಶಿಬಿರಕ್ಕೆ ಹೋದವಳು, ಬರ್ಲಿನ್ನಿನಲ್ಲಿ ಬಾಗಿಲು ತೆರೆದವನು, ಇಂದು ಯಾವುದೋ ಚರ್ಚಿನ ಕೆಳಮನೆಯಲ್ಲಿ, ಹೆಸರು ಕೇಳದೆ ಗಂಜಿ ಬಡಿಸುತ್ತಿರುವ ಯಾರೋ. ಅವರ ಖರ್ಚು ಯಾವ ವರ್ಷದ ಲೆಕ್ಕಕ್ಕೆ ಸೇರಬೇಕೆಂದು ಯಾರೂ ತೀರ್ಮಾನಿಸಿಲ್ಲ.